ಗಾಳಿ ಅರ್ಜಿ ಹಾಕಿರಲಿಲ್ಲ

ರೋಹಿಣಿ ಮಳೆಯಾದರೆ ಓಣಿಯೆಲ್ಲ ಜೋಳ ಅಂತ ಹಿರಿಯರು ಹೇಳಿದ್ದು ಹೊಲ ಇದ್ದವರಿಗೆ. ಬಾಗಲಕೋಟೆಯ ನವನಗರದಲ್ಲಿ ಓಣಿಗಳ ಬದಲು ಸೆಕ್ಟರುಗಳಿವೆ. ರೋಹಿಣಿಗೂ ಮುಂಚೆ, ಭರಣಿ-ಕೃತ್ತಿಕೆಯ ಸಂಜೆಗಳಲ್ಲೇ ಸೆಕ್ಟರ್ ತುಂಬ ಟೊಂಗೆ. ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು, ನಾಲ್ಕಕ್ಕೆ ಕೆಂಧೂಳು, ಐದಕ್ಕೆ ಗುಡುಗು, ಆರಕ್ಕೆ ಕರೆಂಟೂ ಇಲ್ಲ, ಮೂಲೆಯ ಬೇವಿನ ಗಿಡವೂ ಇಲ್ಲ. ಇಲ್ಲ ಅಂದರೆ, ಇದೆ. ರಸ್ತೆಗೆ ಅಡ್ಡ ಮಲಗಿದೆ.

ಎತ್ತುವುದು, ಸಾಗಿಸುವುದು ನಮಗೆ ಹೊಸದೇನಲ್ಲ. ಆಲಮಟ್ಟಿಯ ಹಿನ್ನೀರು ಬರುತ್ತದೆಂದು ಮನೆ, ಅಂಗಡಿ, ದೇವರು ದಿಂಡರ ಸಮೇತ ಎದ್ದು ಬಂದು ಹೊಸ ಊರು ಕಟ್ಟಿಕೊಂಡವರು ನಾವು. ಚಾರ್ಲ್ಸ್ ಕೊರಿಯಾ ಅವರಂಥ ವಾಸ್ತುಶಿಲ್ಪಿ ಈ ಊರಿನ ಯೋಜನೆಗೆ ಕೈ ಹಚ್ಚಿದ್ದರು. ಜಲಾಶಯದ ಮಟ್ಟ 519.60 ಮೀಟರೋ 524.256 ಮೀಟರೋ ಎಂದು ಚಹಾದಂಗಡಿಯಲ್ಲೇ ದಶಮಾಂಶ ಬಿಡದೆ ವಾದ ಮಾಡುವ ಜನ. ಅಂಥ ಊರಿನಲ್ಲಿ ಬಿದ್ದ ಬೊಡ್ಡೆಯೊಂದು ರಸ್ತೆಯ ಈಚೆಯಿಂದ ಆಚೆಗೆ ಸರಿಯಲು ಅಮಾವಾಸ್ಯೆ ಕಳೆದು ಹುಣ್ಣಿಮೆ ಬರಬೇಕು.

ನಿಂತಿರುವಾಗ ಗಿಡಕ್ಕೆ ಹೇಳುವವರು ಕೇಳುವವರು ಯಾರೂ ಇಲ್ಲ. ಬಿದ್ದ ಮೇಲೆ ಪಾಲುದಾರರು ಒಬ್ಬೊಬ್ಬರೇ ಹೊರಬೀಳುತ್ತಾರೆ. ಮೊದಲು ಬರುವವರು ಕರೆಂಟಿನವರು. ಇದ್ದುದರಲ್ಲಿ ಅವರೇ ಚುರುಕು, ಒಪ್ಪಬೇಕು. ತಂತಿಗೆ ತಾಗಿದ ಟೊಂಗೆಯಷ್ಟನ್ನೇ ಕಡಿದು, ‘ನಮ್ಮ ಲೈನ್ ಕ್ಲಿಯರ್ ಆತ್ರಿ, ಉಳಿದದ್ದು ಅವರನ್ನ ಕೇಳ್ರಿ’ ಎಂದು ಏಣಿ ಹೊತ್ತು ಹೊರಡುತ್ತಾರೆ. ‘ಅವರು’ ಅಂದರೆ ರಸ್ತೆ ಗುಡಿಸುವವರು. ಅವರ ಗಾಡಿಯಲ್ಲಿ ಎಲೆ ಹಿಡಿಸುತ್ತದೆ, ಬೊಡ್ಡೆ ಹಿಡಿಸುವುದಿಲ್ಲ. ಬೊಡ್ಡೆ ಅಂದರೆ ಕಟ್ಟಿಗೆ, ಕಟ್ಟಿಗೆ ಅಂದರೆ ಸರ್ಕಾರಿ ಆಸ್ತಿ. ಸಾಹೇಬರು ಬಂದು ಅಳತೆ ತೆಗೆಯಬೇಕು, ಬೆಲೆ ಕಟ್ಟಬೇಕು, ಹರಾಜು ಕೂಗಬೇಕು. ಸಾಹೇಬರು ಮೀಟಿಂಗಿನಲ್ಲಿದ್ದಾರೆ. ಮೀಟಿಂಗಿನ ವಿಷಯ: ಮುಂಗಾರು ಪೂರ್ವ ಸಿದ್ಧತೆ.

ಇವರನ್ನೇ ಬೈದು ಏನು ಬಂತು, ಕಾಯ್ದೆಯೇ ಹಾಗಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ 8ನೇ ಕಲಂ ಓದಿ ನೋಡಿ. ಮರ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು, ಸರಿ. ಎಂಥ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ ಎಂಬ ಪಟ್ಟಿಯಲ್ಲಿ ಸತ್ತ ಮರ, ರೋಗ ಹತ್ತಿದ ಮರಗಳ ಸಾಲಿನಲ್ಲೇ ಗಾಳಿಗೆ ಬಿದ್ದ ಮರವೂ ಇದೆ. ಎಂಥ ದೊಡ್ಡ ಮನಸ್ಸು! ನೆಲ ಕಚ್ಚಿದ ಗಿಡವನ್ನು ಕಡಿಯುತ್ತೇವೆ ಎಂದು ಕೇಳಿಕೊಂಡರೆ ಇಲ್ಲವೆನ್ನುವುದಿಲ್ಲವಂತೆ. ಕೇಳಿಕೊಳ್ಳಬೇಕು, ಅಷ್ಟೆ. ಅರ್ಜಿಯಿಲ್ಲದೆ ಕೆಡವಿ ಹೋದದ್ದು ಗಾಳಿ ಮಾತ್ರ. ನೋಟಿಸು ಕಳಿಸೋಣವೆಂದರೆ ಅದರ ವಿಳಾಸವಿಲ್ಲ.

ಹಾಗಂತ ಈ ಊರಿನಲ್ಲಿ ಕಟ್ಟಿಗೆ ಸಾಗಿಸುವ ಪರಿಣತರಿಗೆ ಬರವಿಲ್ಲ. ಬಾಗಲಕೋಟೆಯ ಹೋಳಿ ನೋಡಿದವರಿಗೆ ಗೊತ್ತು. ಹಲಗಿ ಮಜಲು ಶುರುವಾದರೆ ಹಿತ್ತಲ ಕಟ್ಟಿಗೆ, ಕಾಲು ಮುರಿದ ಕುರ್ಚಿ, ನಾಳೆ ಕೂರಿಸಬೇಕೆಂದಿದ್ದ ಬಾಗಿಲ ಚೌಕಟ್ಟು, ಎಲ್ಲ ರಾತ್ರೋರಾತ್ರಿ ಕಾಮಣ್ಣನ ಪಾಲು. ಕಾವಲು ಕೂತವರ ಕಣ್ಣೆದುರೇ ಎಗರಿಸುವ ಹುಡುಗರು. ಅವರಿಗೆ ಅರ್ಜಿ ಬೇಡ, ಟೆಂಡರ್ ಬೇಡ, ಡೀಸೆಲ್ ಬಿಲ್ಲೂ ಬೇಡ. ತೊಡಕು ಒಂದೇ: ಹೋಳಿ ಫಾಲ್ಗುಣದಲ್ಲಿ, ಬಿರುಗಾಳಿ ವೈಶಾಖದಲ್ಲಿ. ಗಾಳಿಯನ್ನು ಹಿಂದಕ್ಕೆಳೆಯಲು ಆಗದಿದ್ದರೆ ಕಾಮದಹನವನ್ನಾದರೂ ಬಸವ ಜಯಂತಿಯ ಆಚೆಗೆ ತಳ್ಳಬಹುದೇ ಎಂದು ಒಂದು ಸಮಿತಿ ಮಾಡಿದರೆ ತಪ್ಪಿಲ್ಲ.

ಸಮಿತಿಯ ವರದಿ ಬರುವವರೆಗೆ ಕೆಲಸ ನಡೆಸುವವರು ಬೇರೆ. ಬೆಳಗಾಗುವುದರೊಳಗೆ ಕೊಡಲಿ ಹಿಡಿದವರು ಒಲೆಗಾಗುವಷ್ಟು ಸೀಳಿ ತಲೆಮೇಲೆ ಹೊತ್ತಿರುತ್ತಾರೆ. ಎಲೆಯ ಲೆಕ್ಕವನ್ನು ಆಡುಗಳು ಚುಕ್ತಾ ಮಾಡುತ್ತವೆ. ದಪ್ಪ ಬೊಡ್ಡೆ ಒಂದು ರಾತ್ರಿ ತಾನಾಗಿ ಎದ್ದು ನಡೆದು ಯಾವುದೋ ಕಟ್ಟಿಗೆ ಅಡ್ಡೆ ಸೇರುತ್ತದೆ. ಮಾರನೆಯ ದಿನ ಅಳತೆ ಟೇಪು ಬರುತ್ತದೆ. ತೆರವು ಕಾರ್ಯ ಪೂರ್ಣಗೊಂಡಿದೆ ಎಂದು ಮೇಲಕ್ಕೆ ವರದಿ ಹೋಗುತ್ತದೆ. ಅದರಲ್ಲಿ ಸುಳ್ಳೇನೂ ಇಲ್ಲ.

ಗಾಳಿಯ ತಲೆಗೇ ಎಲ್ಲ ಕಟ್ಟುವುದೂ ನ್ಯಾಯವಲ್ಲ. ಗಿಡ ಬೀಳಲೆಂದು ನಾವು ವರ್ಷವಿಡೀ ದುಡಿದಿರುತ್ತೇವೆ. ಗಟಾರಕ್ಕೆ ಅಗೆದಾಗ ಒಂದು ಮಗ್ಗುಲಿನ ಬೇರು ಹೋಯಿತು, ಕೇಬಲ್ಲಿಗೆ ಅಗೆದಾಗ ಇನ್ನೊಂದು ಮಗ್ಗುಲಿನದು. ತಂತಿಯ ಕಡೆಯ ಟೊಂಗೆ ಮಾತ್ರ ಕಡಿದು ಭಾರವನ್ನೆಲ್ಲ ರಸ್ತೆಯತ್ತ ವಾಲಿಸಿದ್ದಾಯಿತು. ಉಳಿದ ಬುಡಕ್ಕೆ ಉಸಿರಾಡಲು ಎಡೆಯಿಲ್ಲದಂತೆ ಸಿಮೆಂಟು. ಮರದ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಕಿತ್ತು ಹಾಕಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದಿಲ್ಲಿಯವರಿಗೆ ಹೇಳಿತ್ತು. ದಿಲ್ಲಿ ದೂರ. ಬೆಂಗಳೂರಿನಲ್ಲೂ 2024ರ ಜೂನ್ 2ರಂದು 111 ಮಿಲಿಮೀಟರ್ ಸುರಿದು ನೂರಾರು ಮರ ಉರುಳಿದಾಗ ಬೈಸಿಕೊಂಡದ್ದು ಮಳೆಯೇ.

ಅಷ್ಟರಲ್ಲಿ ಜೂನ್ 5 ಬರುತ್ತದೆ, ರೋಹಿಣಿ ಇನ್ನೂ ಮುಗಿದಿರುವುದಿಲ್ಲ. ವಿಶ್ವ ಪರಿಸರ ದಿನಕ್ಕೆ ಗುಂಡಿ ಬೇಕು. ಗಾಳಿ ಬೇರು ಸಮೇತ ಕಿತ್ತ ಗುಂಡಿ ಸಿದ್ಧವಿದೆ, ಅಗೆಯುವ ಕೂಲಿಯೂ ಉಳಿಯಿತು. ಬೇವು ಬೇಡ, ಯಾವಾಗ ಬೆಳೆದೀತು? ಗುಲ್‌ಮೊಹರ್ ಇರಲಿ: ಬೇಗ ಏಳುತ್ತದೆ, ಕೆಂಪಗೆ ಹೂ ಬಿಡುತ್ತದೆ, ಬೇರು ಮೇಲುಮೇಲೆ, ಟೊಂಗೆ ಪೊಳ್ಳು, ಬೀಳುವುದೂ ಬೇಗ. ಅದೇ ಗುಂಡಿ, ಮೇಲೆ ಅದೇ ತಂತಿ. ಸಸಿಯೊಂದಕ್ಕೆ ಹತ್ತು ಕೈ ಹಚ್ಚಿ ಫೋಟೊ ಮುಗಿದ ಮೇಲೆ ಮುದುಕನೊಬ್ಬ ಕೇಳುತ್ತಾನೆ, ‘ಇದಕ್ಕ ನೀರು ಹಾಕವರು ಯಾರ್ರೀ?’ ಏಣಿಯವರು ಗುಡಿಸುವವರನ್ನು ನೋಡುತ್ತಾರೆ, ಗುಡಿಸುವವರು ಸಾಹೇಬರನ್ನು. ಸಾಹೇಬರು ಮೋಡ ನೋಡಿ ಅನ್ನುತ್ತಾರೆ: ‘ಮಳಿ ಬರತೈತಿ ತಗೋ.’