ಬಾಚಣಿಗೆ, ಜೋಳದ ರೊಟ್ಟಿ, 60 ಲೀಟರ್ ನೀರು

ದಕ್ಷಿಣ ಕ್ಯಾಲಿಫೋರ್ನಿಯಾದ ಕನ್ನಡದ ಸಾಫ್ಟ್‌ವೇರ್ ಮಂದಿ ವಾರಾಂತ್ಯಕ್ಕೆ ಎಲ್ಲಾದರೂ ಹೊರಟರೆಂದರೆ ಮೊದಲು ಊಟ ನಿಶ್ಚಯವಾಗುತ್ತದೆ, ಆಮೇಲೆ ಊರು. ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನದಲ್ಲಿ ಬಂಡೆ ಹತ್ತಿ, ಟೆಂಟ್ ಹಾಕಿ ಮಲಗಬೇಕೆಂದು ಹೊರಟ ನಾಲ್ವರ ಕಥೆಯೂ ಅಷ್ಟೇ. ಪುಳಿಯೋಗರೆ ಗೊಜ್ಜು ಯಾರು ತರಬೇಕೆಂಬುದು ಐದೇ ನಿಮಿಷದಲ್ಲಿ ಇತ್ಯರ್ಥ. ಹಗ್ಗ ಯಾರ ಹತ್ತಿರ ಇದೆ ಎಂದಾಗ ಮಾತ್ರ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಮೌನವ್ರತ.

ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಎರಡೂವರೆ ಗಂಟೆ ಕಾರು ಓಡಿಸಿದರೆ ಸಿಗುವ ಜಾಗವಿದು. ಮೊಹಾವಿ ಮತ್ತು ಕೊಲರಾಡೊ ಎಂಬ ಎರಡು ಮರುಭೂಮಿಗಳು ಇಲ್ಲಿ ಕೂಡುತ್ತವೆ. ವಿಸ್ತೀರ್ಣ ಸುಮಾರು 3,200 ಚದರ ಕಿಲೋಮೀಟರ್. 1936ರಿಂದ ಸಂರಕ್ಷಿತ ಸ್ಮಾರಕ, 1994ರಿಂದ ರಾಷ್ಟ್ರೀಯ ಉದ್ಯಾನ. ಬಂಡೆ ಹತ್ತಲು ಸಾವಿರಾರು ಮಾರ್ಗಗಳಿವೆ. ಹಂಪಿ ನೋಡಿದವರಿಗೆ ಆ ಬಂಡೆರಾಶಿ ತೀರಾ ಅಪರಿಚಿತ ಎನ್ನಿಸುವುದಿಲ್ಲ. ತುಂಗಭದ್ರೆ ಮಾತ್ರ ಇಲ್ಲ.

ದಿನಾಂಕದ ವಿಷಯದಲ್ಲಿ ಮೊದಲ ಜಟಾಪಟಿ. ಜುಲೈ 4ರ ರಜೆಗೆ ಹೋಗೋಣವೆಂದ ಕಲಬುರ್ಗಿಯವನು. ಬೇಸಿಗೆಯಲ್ಲಿ ಅಲ್ಲಿ 38 ಡಿಗ್ರಿ ದಾಟುತ್ತದೆ ಅಂದರೆ ನಕ್ಕುಬಿಟ್ಟ. ‘ನಮ್ಮ ಕಡಿ ಮೇ ತಿಂಗಳು ನೋಡೀರೇನು?’ ನೋಡಿಲ್ಲ, ಸರಿ. ಆದರೆ ಕಲಬುರ್ಗಿಯಲ್ಲಿ ಯಾರೂ ಮಟಮಟ ಮಧ್ಯಾಹ್ನ ಕೋಟೆಯ ಗೋಡೆಗೆ ಬೆರಳು ಸಿಕ್ಕಿಸಿಕೊಂಡು ನೇತಾಡುವುದಿಲ್ಲವಲ್ಲ ಎಂದಳು ಮೈಸೂರಿನವಳು. ಗುಂಪಿನಲ್ಲಿ ನಿಜವಾಗಿ ಬಂಡೆ ಹತ್ತಿ ಗೊತ್ತಿದ್ದವಳು ಅವಳೊಬ್ಬಳೇ, ಬಾದಾಮಿಯಲ್ಲಿ ಕಲಿತವಳು. ಕಾದ ಕಲ್ಲಿನ ಮೇಲೆ ಬೆರಳು ಬೆವರಿ ಜಾರುತ್ತದೆ, ಹತ್ತುವ ಶೂಗಳ ರಬ್ಬರ್ ಮೆತ್ತಗಾಗಿ ಹಿಡಿತ ಬಿಡುತ್ತದೆ ಎಂದು ವಿವರಿಸಿದಳು. ಪ್ರವಾಸ ಅಕ್ಟೋಬರ್‌ಗೆ ಹೋಯಿತು. ಶರತ್ಕಾಲದಲ್ಲಿ ಹಗಲು 29 ಡಿಗ್ರಿಯ ಆಸುಪಾಸು, ರಾತ್ರಿ 10. ಹಾಗಾಗಿ ಸನ್‌ಸ್ಕ್ರೀನ್ ಮತ್ತು ಮಂಕಿ ಕ್ಯಾಪ್ ಒಂದೇ ಚೀಲದಲ್ಲಿ.

ನಂತರ ನೀರು. ಶಿವಮೊಗ್ಗದವನು ಎಕ್ಸೆಲ್ ಹಾಳೆ ತೆರೆದು ಕೂತ. ತಲೆಗೆ ದಿನಕ್ಕೆ ಒಂದು ಗ್ಯಾಲನ್, ಮೈ ಬಗ್ಗಿಸಿ ಏನಾದರೂ ಮಾಡುವುದಾದರೆ ಎರಡು ಎನ್ನುತ್ತದೆ ಉದ್ಯಾನದ ಸಲಹೆ. ಎರಡು ಗ್ಯಾಲನ್ ಅಂದರೆ ಏಳೂವರೆ ಲೀಟರ್. ನಾಲ್ಕು ಜನ, ಎರಡು ದಿನ: 60 ಲೀಟರ್. ಬ್ಲ್ಯಾಕ್ ರಾಕ್ ಮತ್ತು ಕಾಟನ್‌ವುಡ್ ಬಿಟ್ಟರೆ ಉದ್ಯಾನದ ಕ್ಯಾಂಪುಗಳಲ್ಲಿ ನಲ್ಲಿಯೇ ಇಲ್ಲ. ಇವರು ಹೋಗಬೇಕೆಂದಿದ್ದ ಹಿಡನ್ ವ್ಯಾಲಿಯಲ್ಲೂ ಇಲ್ಲ. ಆಗುಂಬೆಯ ಮಳೆಗೆ ಬೈದುಕೊಂಡೇ ಬೆಳೆದವನು ಜೀವನದಲ್ಲಿ ಮೊದಲ ಸಲ ಪಾತ್ರೆ ತೊಳೆಯುವ ನೀರಿಗೆ ಪ್ರತ್ಯೇಕ ಕಾಲಂ ಹಾಕಿದ.

ಆ ಕಾಲಂ ನೋಡಿಯೇ ಕಲಬುರ್ಗಿಯವನಿಗೆ ಮತ್ತೆ ಜೀವ ಬಂತು. ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ. ಫ್ರಿಜ್ ಬೇಡ, ಒಲೆ ಬೇಡ, ಕೆಡುವ ಮಾತಿಲ್ಲ, ರೊಟ್ಟಿಯೇ ತಟ್ಟೆ. ತಟ್ಟೆ ತಿಂದುಬಿಟ್ಟರೆ ತೊಳೆಯುವುದೆಲ್ಲಿ ಬಂತು? ವಾದ ಅಭೇದ್ಯವಾಗಿತ್ತು. ಆದರೆ ಆ ರೊಟ್ಟಿ ಗಂಟಲಲ್ಲಿ ಇಳಿಯಲು ಎಷ್ಟು ನೀರು ಬೇಕೆಂದು ಶಿವಮೊಗ್ಗದವನು ಕೇಳಿ, ಇನ್ನೊಂದು ಕಾಲಂ ಸೇರಿಸಿದ.

ಬಂಡೆಗಳ ಲೆಕ್ಕಾಚಾರ ಮೈಸೂರಿನವಳದು. ಬಾದಾಮಿಯ ಮರಳುಗಲ್ಲಿನ ಎಷ್ಟೋ ಮಾರ್ಗಗಳಲ್ಲಿ ಬೋಲ್ಟ್ ಹೊಡೆದಿರುತ್ತದೆ. ಹಗ್ಗ ಸಿಕ್ಕಿಸುತ್ತ ಏರಬಹುದು. ಜೋಶುವಾ ಟ್ರೀಯಲ್ಲಿ ಹೆಚ್ಚಿನ ಕಡೆ ಬಿರುಕಿನೊಳಗೆ ತಾವೇ ಹಗ್ಗಕ್ಕೆ ಆಸರೆಯಾಗುವ ಕ್ಯಾಮ್‌ಗಳನ್ನು ಕೂರಿಸಿಕೊಂಡು ಹೋಗಬೇಕು, ಕೂರಿಸಿದ್ದು ಸರಿಯೋ ಎಂದು ಬಿದ್ದು ನೋಡುವ ಹಾಗಿಲ್ಲ. ಕಲ್ಲಂತೂ ಕೊಬ್ಬರಿ ತುರಿಯುವ ಮಣೆ. ದಪ್ಪ ಹರಳುಗಳ ಗ್ರಾನೈಟ್. ಬಿರುಕಿನಲ್ಲಿ ಮುಷ್ಟಿ ತೂರಿಸಿ ಎಳೆದರೆ ಗೆಣ್ಣಿನ ಚರ್ಮ ಅಲ್ಲೇ ಉಳಿಯುತ್ತದೆ, ಅದಕ್ಕೇ ಕೈಗೆ ಟೇಪು. ಮಾರ್ಗ ಎಷ್ಟು ಕಷ್ಟ ಎಂದು ಹೇಳುವ ಸಂಖ್ಯೆಗಳನ್ನೂ ನಂಬುವಂತಿಲ್ಲ. ದಶಕಗಳ ಹಿಂದೆ ಘಟಾನುಘಟಿಗಳು ‘ಸುಲಭ’ ಎಂದು ಕೊಟ್ಟ ದರ್ಜೆಗಳವು. ಓಲ್ಡ್ ವುಮನ್ ಬಂಡೆಯ ‘ಡಬಲ್ ಕ್ರಾಸ್’ ಮಾರ್ಗಕ್ಕೆ ಕಾಗದದ ಮೇಲೆ ಬರೀ 5.7, ಅದನ್ನು ನಂಬಿ ಹತ್ತಿ ಪೆಟ್ಟು ತಿಂದವರಿಂದಲೇ ಆ ಮಾರ್ಗ ಕುಖ್ಯಾತ. ಹಾಗಾಗಿ ಅವಳ ಪಟ್ಟಿಯಲ್ಲಿ ಮಾರ್ಗದ ಹೆಸರಿಗಿಂತ ಮೊದಲು ಬಂಡೆಯ ಯಾವ ಮಗ್ಗುಲಿಗೆ ಎಷ್ಟು ಹೊತ್ತಿಗೆ ನೆರಳು ಎಂದು ಬರೆದಿತ್ತು. ಜೊತೆಗೆ ಒಬ್ಬ ಮಾರ್ಗದರ್ಶಿಯ ಫೀಸು.

ಉಡುಪಿಯವನಿಗೆ ಸಿಕ್ಕಿದ್ದು ಸಣ್ಣಪುಟ್ಟ ಸಾಮಾನು ತರುವ ಕೆಲಸ. ಅವನ ಚೀಟಿಯ ಮೊದಲ ಸಾಲು: ಬಾಚಣಿಗೆ. ತಲೆಯಲ್ಲಿ ಒಂದೂ ಕೂದಲಿಲ್ಲದ ಮನುಷ್ಯ ಇದನ್ನು ಗೇಲಿ ಎಂದೇ ತಿಳಿದ. ವಿಷಯ ಚೋಯಾ ಕಳ್ಳಿಯದು. ಅದರ ಮುಳ್ಳಿನ ಮೈತುಂಬ ಹಿಮ್ಮುಖ ಕೊಕ್ಕೆಗಳು. ತುಸು ಸೋಕಿದರೂ ಒಂದು ಉಂಡೆಯೇ ಕಳಚಿ ಕಾಲಿಗೆ ಅಂಟುತ್ತದೆ. ಬಿಡಿಸಲು ಕೈ ಹಾಕಿದರೆ ಕೈಗೂ ಅಂಟುತ್ತದೆ. ಉಂಡೆಯ ಕೆಳಗೆ ಬಾಚಣಿಗೆ ತೂರಿಸಿ ಚಿಮ್ಮಿಸಬೇಕು, ಎದುರಿಗೆ ಸ್ನೇಹಿತರು ಇಲ್ಲದ ದಿಕ್ಕಿಗೆ. ಸೌದೆಯನ್ನೂ ಅವನೇ ಊರಿಂದ ಕೊಂಡು ತರಬೇಕು, ಉದ್ಯಾನದೊಳಗೆ ಒಣಕಡ್ಡಿ ಆಯುವುದೂ ಅಪರಾಧ. ಕಾರು ತೆಗೆಯುವ ಮೊದಲು ಬಗ್ಗಿ ಕೆಳಗೆ ನೋಡುವ ಹೊಣೆಯೂ ಅವನದೇ: ನೆರಳು ಹುಡುಕಿಕೊಂಡು ಮರುಭೂಮಿಯ ಆಮೆ ಅಲ್ಲಿ ಮಲಗಿರುವುದುಂಟು. ಇದ್ದರೆ ಎತ್ತಿ ಪಕ್ಕಕ್ಕಿಡುವಂತಿಲ್ಲ. ಹೆದರಿದ ಆಮೆ ಮೈಯಲ್ಲಿ ಕೂಡಿಟ್ಟುಕೊಂಡ ನೀರನ್ನೆಲ್ಲ ಉಚ್ಚೆ ಹೊಯ್ದು ಕಳೆದುಕೊಳ್ಳುತ್ತದೆ, ಅದರ ಜೀವಕ್ಕೇ ಸಂಚಕಾರ. ಅದು ತಾನಾಗಿ ಹೊರಡುವ ತನಕ ಇವರು ಕಾಯಬೇಕು. ಹೆಂಡತಿ ಸೀರೆ ಉಡುವುದನ್ನು ಕಾದು ಅಭ್ಯಾಸವಿದೆ ಎಂದ ಉಡುಪಿಯವನು.

ಅಷ್ಟರಲ್ಲಿ ಸುದ್ದಿ ಹಬ್ಬಿ, ನಾವೂ ಬರುತ್ತೇವೆ ಎಂಬ ಸಂಸಾರಗಳು ಸಾಲುಗಟ್ಟಿದವು. ಕ್ಯಾಂಪಿನ ಒಂದು ತಾಣಕ್ಕೆ ಆರು ಜನ, ಮೂರು ಟೆಂಟು, ಎರಡು ಕಾರು, ಮಿಕ್ಕಿದರೆ ಇಲ್ಲ. ದಾಕ್ಷಿಣ್ಯ ಬಿಡಲಾರದ ನಾಲ್ವರಿಗೆ ಈ ನಿಯಮ ದೇವರೇ ಕೊಟ್ಟ ಹಾಗಾಯಿತು.

ಆದರೆ ಹಿಡನ್ ವ್ಯಾಲಿಯಲ್ಲಿ ಮುಂಗಡ ಬುಕಿಂಗ್ ಇಲ್ಲ, ಮೊದಲು ಬಂದವರಿಗೆ ಜಾಗ. ಸೀಸನ್ನಿನಲ್ಲಿ ಶುಕ್ರವಾರ ಸಂಜೆ ಹೋದರೆ ಸಿಗುವುದು ಬರೀ ದರ್ಶನ. ಹಾಗಾಗಿ ಶುಕ್ರವಾರ ನಸುಕಿಗೇ ಹೊರಡುವುದೆಂದಾಯಿತು. ಮೂವರು ರಜೆ ಬರೆದರು. ರಜೆ ಉಳಿಸುವ ಚಟದ ಶಿವಮೊಗ್ಗದವನು ಮಾತ್ರ ‘ವರ್ಕ್ ಫ್ರಮ್ ಹೋಮ್’ ಎಂದು ಹಾಕಿದ, ಹತ್ತು ಗಂಟೆಗೆ ಒಂದೇ ಒಂದು ಮೀಟಿಂಗು ಎಂದು. ಕ್ಯಾಂಪಿನಲ್ಲಿ ಮೊಬೈಲ್ ಸಿಗ್ನಲ್ ಸಿಗದೆಂದು ಮೈಸೂರಿನವಳು ಆಮೇಲೆ ತಿಳಿಸಿದಳು. ಅರ್ಧ ಗಂಟೆ ದೂರದ ಜೋಶುವಾ ಟ್ರೀ ಊರಿಗೆ ವಾಪಸು ಕಾರಿನಲ್ಲಿ ಇಳಿದು, ಯಾವುದಾದರೂ ಕಾಫಿ ಅಂಗಡಿಯಲ್ಲಿ ಕೂತು ಮೀಟಿಂಗ್ ಮುಗಿಸಬೇಕು. ಸರಿ ಎಂದ. ಹೇಗೂ ಹೋಗುತ್ತೀಯಲ್ಲ ಎಂದು ಉಳಿದ ಮೂವರು ಸೌದೆ, ಐಸು ಮತ್ತು 60 ಲೀಟರ್ ನೀರನ್ನೂ ಅವನ ಹೆಸರಿನ ಮುಂದೆಯೇ ಬರೆದರು.