ದರ್ಪಣಸುಂದರಿಯ ಸನ್ನಿಧಿಯಲ್ಲಿ

ಬೇಲೂರಿನ ಚೆನ್ನಕೇಶವ ದೇವಾಲಯದ ಹೊರಗೆ, ದರ್ಪಣಸುಂದರಿಯ ಶಿಲ್ಪದ ಕೆಳಗೆ ನಿಂತು, ಬಿಸಿಲಿಗೆ ಕರಗಿ ಹುಬ್ಬಿನಂಚಿಗಿಳಿಯುತ್ತಿದ್ದ ಬಿಳಿಯ ಮುಖಲೇಪವನ್ನು ಕರವಸ್ತ್ರದಿಂದ ಒತ್ತಿಕೊಳ್ಳುತ್ತ, ರಾಯರು ತಮ್ಮ ಬಾಲ್ಯಸ್ನೇಹಿತರಾದ ಶಾಸ್ತ್ರಿಗಳಿಗೆ ಸೌಂದರ್ಯಮೀಮಾಂಸೆಯನ್ನು ಉಪದೇಶಿಸುತ್ತಿದ್ದರು.

“ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಗುಡಿಯಲ್ಲಿಯೇ ಈಕೆ ಕನ್ನಡಿ ಹಿಡಿದಿರುವಳೆಂದ ಮೇಲೆ, ನಾನು ಹಿಡಿದರೆ ದೋಷವೇನು ಶಾಸ್ತ್ರಿಗಳೆ?”

“ದೋಷವೇನೂ ಇಲ್ಲ ರಾಯರೆ, ಆದರೆ ಬಳಪದ ಕಲ್ಲಿನ ಆ ಕರಿಯ ಮೈ ಯಾವ ಬಿಳುಪನ್ನೂ ಬಳಿದುಕೊಳ್ಳದೆಯೇ ಸುಂದರಿಯೆನಿಸಿಕೊಂಡಿದೆ.”

“ಕಲ್ಲಿಗೇನು, ಅದನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆಯೆ?”

“ಬರುವವರು ನೋಡಬೇಕಾದುದು ನಿಮ್ಮ ಮಗಳನ್ನಲ್ಲವೆ?”

ರಾಯರು ಕೆಮ್ಮಿದರು. “ಅಂತರಂಗವನ್ನೂ ನಾನು ಅಲಕ್ಷಿಸಿದವನಲ್ಲ. ಪ್ರಾತಃಕಾಲ ಅರ್ಧ ಗಂಟೆ ಧ್ಯಾನ.”

“ಬಲ್ಲೆ. ಧ್ಯಾನಕ್ಕೆ ಭಂಗವಾಯಿತೆಂದು ನಿನ್ನೆ ಕೆಲಸದ ಹುಡುಗನ ಕೆನ್ನೆಗೆ ನೀವು ಹಚ್ಚಿದ ಕೆಂಪು ಸಂಜೆಯವರೆಗೂ ಮಾಸಿರಲಿಲ್ಲ.”

“ನೀವೋ, ಆತ್ಮಶುದ್ಧಿಯೊಂದೇ ಸಾಕೆಂದು ಸ್ನಾನಕ್ಕೂ ತಿಲಾಂಜಲಿಯಿತ್ತವರು! ನಮ್ಮ ಮೈಸೂರು ಸಂಸ್ಥಾನವು ಎಂದೋ ಸಾಬೂನಿನ ಕಾರ್ಖಾನೆಯನ್ನು ತೆರೆದ ಸುದ್ದಿ ನಿಮ್ಮ ಬಚ್ಚಲಿಗೆ ಇನ್ನೂ ತಲುಪಿದಂತಿಲ್ಲ.”

“ಬಸವಣ್ಣನವರು ಅಂತರಂಗಶುದ್ಧಿಯನ್ನು...”

“ಬಹಿರಂಗಶುದ್ಧಿಯನ್ನೂ ಜೊತೆಗೇ ಹೇಳಿದರು, ಸ್ವಾಮಿ, ನೀವು ಅರ್ಧ ಕೇಳಿ ಎದ್ದು ಬಂದಿರಿ.”

“ನೀವು ಉಳಿದರ್ಧವನ್ನು ಮಾತ್ರ ಕೇಳಿದಿರಿ. ಆಗಲಿ, ನೀವು ಕೋಪ ಬಿಡಿ, ನಾನು ಮೀಯುತ್ತೇನೆ.”

“ಮೊದಲು ತಾವು ಮೀಯಬೇಕು.”

“ಛೆ, ಛೆ! ಮೊದಲು ತಾವು ಬಿಡಬೇಕು.”

ಬಸ್ಸಿನ ಬಾಗಿಲಲ್ಲಿ ಎಂದೂ ಪರರಿಗೆ ದಾರಿ ಬಿಟ್ಟವರಲ್ಲದ ಆ ಮಹನೀಯರಿಬ್ಬರೂ, ಆತ್ಮಸುಧಾರಣೆಯ ಹೊಸ್ತಿಲಿನಲ್ಲಿ ಮಾತ್ರ ಹೀಗೆ ಪರಮ ವಿನಯದಿಂದ ಒಬ್ಬರನ್ನೊಬ್ಬರು ಮುಂದಕ್ಕೆ ಕಳುಹಿಸುತ್ತ, ಎಳ್ಳಷ್ಟೂ ಕದಲದೆ ನಿಂತಿದ್ದರು.