ಹಳೇ ಕಾರಿನ ಗುರೂಜಿ

ಕೊಲ್ಹಾಪುರ ಜಿಲ್ಲೆಯ ದಕ್ಷಿಣದಲ್ಲಿ, ಹಿರಣ್ಯಕೇಶಿ ನದಿಯ ದಂಡೆಗಿರುವ ಗಡಹಿಂಗ್ಲಜ ತಾಲೂಕಿನಲ್ಲಿ, ಮನೆಯಲ್ಲಿ ಕನ್ನಡವನ್ನೂ ಪೇಟೆಯಲ್ಲಿ ಮರಾಠಿಯನ್ನೂ ಆಡುವ ಕುಟುಂಬಗಳ ನಡುವೆ ಕಾಣಸಿಗುವ ಒಂದು ವಿಶಿಷ್ಟ ವರ್ಗದ ವ್ಯಕ್ತಿಯನ್ನು ಸಮಾಜಶಾಸ್ತ್ರಜ್ಞರು ಗಮನಿಸದಿದ್ದರೂ ಗ್ಯಾರೇಜಿನವರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಈತ ಸಾಮಾನ್ಯವಾಗಿ ನಿವೃತ್ತ ಶಾಲಾ ಶಿಕ್ಷಕ, ಆದ್ದರಿಂದ ಊರಿಗೆಲ್ಲ ಗುರೂಜಿ. ಇವರ ಅಂಗಳದಲ್ಲಿ 1993ರಿಂದ 2006ರವರೆಗೆ ತಯಾರಾದ ಮಾರುತಿ ಝೆನ್ ಅಥವಾ 1998ರಲ್ಲಿ ಪೇಟೆಗೆ ಬಂದ ಸ್ಯಾಂಟ್ರೊ ನಿಂತಿರುತ್ತದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿದು, ಅಲ್ಲಿಂದಾಚೆ ಐದೈದು ವರ್ಷಕ್ಕೊಮ್ಮೆ ನವೀಕರಣವಾಗಬೇಕೆಂಬ ನಿಯಮವಿದ್ದು, 2022ರ ಏಪ್ರಿಲ್‌ನಲ್ಲಿ ಆ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ಗುರೂಜಿ ಅದನ್ನು ಗೊಣಗದೆ ತುಂಬುತ್ತಾರೆ, ಏಕೆಂದರೆ ತಮ್ಮನ್ನು 58ಕ್ಕೆ ಮನೆಗೆ ಕಳಿಸಿದ ಸರಕಾರ ತಮ್ಮ ಕಾರಿಗಾದರೂ ಸೇವಾವಧಿ ವಿಸ್ತರಿಸಿತೆಂಬ ಸಮಾಧಾನ ಅದರಲ್ಲಿದೆ.

ಆದರೆ ಗುರೂಜಿಯ ದಿನಚರಿಯ ಕೇಂದ್ರದಲ್ಲಿರುವುದು ಕಾರಲ್ಲ, ಅದರ ಮುಂದಿನ ಎಡಗಾಲಿಯ ಕಡೆಯಿಂದ ಬರುವ ಸದ್ದು. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಓಡಾಡಿ ಬಿಟ್ಟುಹೋದ ರಸ್ತೆಯಲ್ಲಿ ಯಾವ ವಾಹನವೂ ಮೌನವಾಗಿ ಚಲಿಸಲಾರದೆಂಬುದು ಸರ್ವವಿದಿತವಾಗಿದ್ದರೂ, ಗುರೂಜಿ ಆ ಗದ್ದಲದೊಳಗಿಂದ ಒಂದು ‘ಖಟ್’ ಅನ್ನು ಬೇರ್ಪಡಿಸಿ ಕೇಳಬಲ್ಲರು. ಹಂಪ್ ಸಮೀಪಿಸುತ್ತಿದ್ದಂತೆ ಕಾರಿನಲ್ಲಿದ್ದವರು ಮಾತು ನಿಲ್ಲಿಸಬೇಕು, ಮೊಮ್ಮಕ್ಕಳು ಕುರುಕಲು ತಿನ್ನುವುದನ್ನು ನಿಲ್ಲಿಸಬೇಕು. ಹಂಪ್ ದಾಟಿದ ಮೇಲೆ ‘ಕೇಳ್ತ?’ ಎಂಬ ಪ್ರಶ್ನೆ ಬರುತ್ತದೆ. ಕೇಳಿತೆಂದ ಅಳಿಯನಿಗೆ ಒಂದು ಬೆಲೆ, ಕೇಳಲಿಲ್ಲವೆಂದ ಅಳಿಯನಿಗೆ ಇನ್ನೊಂದು.

ಈ ಸದ್ದಿನ ಮೂಲವನ್ನರಿಯಲು ಲೋಅರ್ ಆರ್ಮ್ ಎಂಬ ಭಾಗವನ್ನು ಅರಿಯಬೇಕಾಗುತ್ತದೆ. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ ಅವರ ಹೆಸರಿನಿಂದ ಪ್ರಸಿದ್ಧವಾದ ಮುಂಗಾಲಿ ವ್ಯವಸ್ಥೆಯಲ್ಲಿ ಸ್ಪ್ರಿಂಗೂ, ಕುಲುಕಾಟವನ್ನು ತಗ್ಗಿಸುವ ಶಾಕಪ್ಪೂ ಒಂದೇ ಕಂಬವಾಗಿ ಮೇಲೆ ನಿಲ್ಲುತ್ತವೆ. ಕೆಳಗೆ ಗಾಲಿಯನ್ನು ಕಾರಿನ ಚೌಕಟ್ಟಿಗೆ ಹಿಡಿದಿಟ್ಟು, ಅದು ಮೇಲೆ ಕೆಳಗೆ ಆಡಲು ಬಿಟ್ಟು, ಹಿಂದೆ ಮುಂದೆ ಸರಿಯಲು ಬಿಡದಿರುವ ಉಕ್ಕಿನ ತೋಳೇ ಲೋಅರ್ ಆರ್ಮ್. ಈ ತೋಳು ಚೌಕಟ್ಟನ್ನು ಕೂಡುವಲ್ಲಿ ಬುಶ್ ಇರುತ್ತದೆ, ಅಂದರೆ ಒಳಗೊಂದು ಉಕ್ಕಿನ ಕೊಳವೆ, ಹೊರಗೊಂದು ಉಕ್ಕಿನ ಬಳೆ, ನಡುವೆ ಎರಡಕ್ಕೂ ಅಂಟಿಕೊಂಡ ರಬ್ಬರ್; ಮೊಣಕಾಲಿನ ಎಲುಬುಗಳ ನಡುವಿನ ಮೃದ್ವಸ್ಥಿಯಂತೆ ಇದು ಪೆಟ್ಟನ್ನು ತಾನು ನುಂಗಿ ಮೇಲಿನವರಿಗೆ ತಿಳಿಯಗೊಡುವುದಿಲ್ಲ. (ಗುರೂಜಿಯ ಸ್ವಂತ ಮೊಣಕಾಲುಗಳ ಚಿಕಿತ್ಸೆ ಹಲವು ವರ್ಷಗಳಿಂದ ಮುಂದೂಡಲ್ಪಟ್ಟಿರುವುದು ಇಲ್ಲಿ ಅಪ್ರಸ್ತುತವಲ್ಲ.) ವಯಸ್ಸು, ಬಿಸಿಲು ಮತ್ತು ಎಂಜಿನ್ನಿನಿಂದ ಸೋರಿದ ಎಣ್ಣೆಗಳಿಂದ ರಬ್ಬರ್ ಬಿರಿದರೆ ತೋಳು ಸಡಿಲಾಗಿ ಬಡಿಯತೊಡಗುತ್ತದೆ, ಬ್ರೇಕ್ ಹಾಕಿದಾಗ ಕಾರು ಒಂದು ಕಡೆಗೆ ಎಳೆಯುತ್ತದೆ, ಟಯರು ಒಂದೇ ಅಂಚಿನಲ್ಲಿ ಸವೆಯುತ್ತದೆ.

ಗಡಹಿಂಗ್ಲಜದ ಮಿಸ್ತ್ರಿ ಕಾರನ್ನು ಜ್ಯಾಕಿಗೇರಿಸಿ, ತೋಳಿನ ಸಂದಿಗೆ ಸಬ್ಬಲ್ ತೂರಿಸಿ ಒಮ್ಮೆ ಮೀಟಿ, ‘ಬುಶ್ ಹೋಗ್ಯಾವ್ರಿ ಗುರೂಜಿ’ ಎಂದು ಅರ್ಧ ನಿಮಿಷದಲ್ಲಿ ತೀರ್ಪು ಕೊಡುತ್ತಾನೆ. ಈ ತೀರ್ಪು ಸರಿಯೇ ಆಗಿರುತ್ತದೆ, ಆದರೆ ತಿಂಗಳುಗಟ್ಟಲೆ ಆಲಿಸಿದ ಸದ್ದೊಂದು ಇಷ್ಟು ಸಲೀಸಾಗಿ ಬಗೆಹರಿಯುವುದು ಗುರೂಜಿಗೆ ಒಪ್ಪಿತವಲ್ಲ. ಆದ್ದರಿಂದ ಪ್ರಕರಣ ಇಚಲಕರಂಜಿಗೆ ಹೋಗುತ್ತದೆ. 1904ರಲ್ಲಿ ಮೊದಲ ಪವರ್‌ಲೂಮ್ ಕಂಡು, ಮುಂದೆ ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನಿಸಿಕೊಂಡು, 2022ರಲ್ಲಿ ಮಹಾನಗರಪಾಲಿಕೆಯೂ ಆದ ಆ ಊರಿನಲ್ಲಿ ಪ್ರತಿ ಗುರೂಜಿಗೂ ಒಬ್ಬ ಬೀಗ ಇರುತ್ತಾನೆ, ಆ ಬೀಗ ಮಗ್ಗದ ಕಾರಖಾನೆಯಲ್ಲಿ ಜಾಬರ್ ಆಗಿರುತ್ತಾನೆ. ಜಾಬರ್ ಎಂದರೆ ಮಗ್ಗಗಳ ದುರಸ್ತಿ ಮತ್ತು ಹೊಂದಾಣಿಕೆ ನೋಡುವವನು. ದಿನವಿಡೀ ಮಗ್ಗಗಳ ಅಬ್ಬರದಲ್ಲಿ ನಿಂತು ಕಿವಿ ಸ್ವಲ್ಪ ಮಂದವಾಗಿರುವುದರಿಂದ ‘ಖಟ್’ ಅವನಿಗೆ ಕೇಳಿಸುವುದೇ ಇಲ್ಲ, ಆದರೂ ಪರಿಹಾರ ಸಿದ್ಧವಿರುತ್ತದೆ: ರಬ್ಬರ್ ಬೇಡ, ಲೇತಿನ ಮೇಲೆ ನೈಲಾನ್ ಬುಶ್ ಹೊಡೆಸಿದರೆ ಜನ್ಮಪೂರ್ತಿ ಬರುತ್ತದೆ. ನೈಲಾನ್ ಬೇಗ ಸವೆಯಲಾರದು ನಿಜ, ಆದರೆ ಪೆಟ್ಟನ್ನು ನುಂಗದೆ ಹಾಗೆಯೇ ಒಳಗೆ ದಾಟಿಸುವುದರಿಂದ ಅಂಥ ಕಾರಿನಲ್ಲಿ ಕುಳಿತವರ ಆಯುಷ್ಯದ ಬಗ್ಗೆ ಅದೇ ಮಾತು ಹೇಳಲಾಗದು. ಗುರೂಜಿ ಬೀಗರ ಚಹಾ ಕುಡಿದು, ಸಲಹೆಯನ್ನು ಗೌರವದಿಂದ ಕೇಳಿಸಿಕೊಂಡು ಹೊರಡುತ್ತಾರೆ.

ಬುಶ್ ಕೊಳ್ಳುವುದು ಮಾತ್ರ ಕೊಲ್ಹಾಪುರದಲ್ಲಿಯೇ ಆಗಬೇಕು. ಗಡಹಿಂಗ್ಲಜದಿಂದ ಸಂಕೇಶ್ವರಕ್ಕೆ ಬಂದು ಹೆದ್ದಾರಿ ಹಿಡಿದರೆ ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಇಳಿದು, ತವಂದಿ ಘಾಟು, ನಿಪ್ಪಾಣಿ ದಾಟಿ, ಕಾಗಲ್ ಹೊತ್ತಿಗೆ ಮತ್ತೆ ಮಹಾರಾಷ್ಟ್ರವನ್ನೇರಬೇಕಾಗುತ್ತದೆ. ಯಾವ ರಾಜ್ಯದ ರಸ್ತೆಯಲ್ಲಿ ಸದ್ದು ಹೆಚ್ಚೆಂಬ ವಿಷಯದಲ್ಲಿ ಗುರೂಜಿಗೆ ಖಚಿತ ಅಭಿಪ್ರಾಯವಿದ್ದರೂ, ಎರಡೂ ಕಡೆ ನೆಂಟರಿರುವುದರಿಂದ ಅದು ಪ್ರಕಟವಾಗುವುದಿಲ್ಲ. ಶಿರೋಲಿ, ಗೋಕುಳ ಶಿರಗಾಂವಗಳ ಫೌಂಡ್ರಿಗಳು ವಾಹನ ಕಂಪನಿಗಳಿಗೆ ಎರಕದ ಬಿಡಿಭಾಗ ಪೂರೈಸುವ ಊರಿನಲ್ಲಿ, ಶಿವಾಜಿ ಉದ್ಯಮನಗರದ ಲೇತು ಮತ್ತು ಪ್ರೆಸ್ಸುಗಳ ಓಣಿಗಳಲ್ಲಿ, ಸಿಗದ ವಸ್ತುವಿಲ್ಲವೆಂಬುದು ಆ ಸೀಮೆಯವರ ದೃಢ ನಂಬಿಕೆ, ಬಹುಮಟ್ಟಿಗೆ ನಿಜ ಕೂಡ. ಅಂಗಡಿಕಾರ ಬುಶ್ ಸಹಿತವಾದ ಪೂರ್ತಿ ಆರ್ಮನ್ನೇ ಕೌಂಟರಿನ ಮೇಲಿಡುತ್ತಾನೆ. ಹಳೆಯ ಬುಶ್ ಕೀಳುವ, ಹೊಸದನ್ನು ಕೂರಿಸುವ ಮಜೂರಿಯನ್ನು ಲೆಕ್ಕ ಹಿಡಿದರೆ, ಹಾಗೂ ಆರ್ಮಿನ ತುದಿಯ ಬಾಲ್ ಜಾಯಿಂಟಿನ ವಯಸ್ಸನ್ನೂ ಗಣನೆಗೆ ತಂದರೆ, ಅನೇಕ ಕಾರುಗಳಲ್ಲಿ ಪೂರ್ತಿ ಆರ್ಮ್ ಬದಲಿಸುವುದೇ ಜಾಣತನ. ಗುರೂಜಿಯ ವಾದ ಬೇರೆ: ಉಕ್ಕು ಕೆಟ್ಟಿಲ್ಲ, ಕೆಟ್ಟದ್ದು ರಬ್ಬರ್, ಒಂದು ವಿಷಯದಲ್ಲಿ ನಪಾಸಾದ ಹುಡುಗನನ್ನು ಶಾಲೆಯಿಂದಲೇ ತೆಗೆಯುವ ಪದ್ಧತಿಯಿಲ್ಲ. ಅಂಗಡಿಕಾರ ಬುಶ್ ಮಾತ್ರ ಹುಡುಕಿ ಕೊಡುತ್ತಾನೆ. ಅವನೂ ಯಾವುದೋ ಗುರೂಜಿಯ ವಿದ್ಯಾರ್ಥಿಯಾಗಿದ್ದವನೇ.

ಮುಂದಿನ ಕೆಲಸದ ಬಹುಪಾಲು ಸರಳ. ಗ್ಯಾರೇಜಿನಲ್ಲಿ ಆರ್ಮ್ ಬಿಚ್ಚಿದ ಮೇಲೆ ಹಳೆಯ ಬುಶ್ಶನ್ನು ಹೈಡ್ರಾಲಿಕ್ ಪ್ರೆಸ್ಸಿನಿಂದ ಒತ್ತಿ ಹೊರಗೆ ಹಾಕಿ, ಹೊಸದನ್ನು ಅದರಿಂದಲೇ ಒಳಗೆ ಕೂರಿಸಬೇಕು. ಸುತ್ತಿಗೆಯಿಂದ ಬಡಿದರೆ ಬಳೆ ಸೊಟ್ಟಗಾಗುತ್ತದೆ. ಕೆಲವು ಬುಶ್ಶುಗಳ ರಬ್ಬರಿನಲ್ಲಿ ಬೇಕೆಂದೇ ಟೊಳ್ಳು ಬಿಟ್ಟಿರುತ್ತಾರೆ, ಅವು ಹಳೆಯದು ಇದ್ದ ದಿಕ್ಕಿಗೇ ಕೂರಬೇಕು, ಅದಕ್ಕಾಗಿ ಕೀಳುವ ಮುನ್ನ ಆರ್ಮಿನ ಮೇಲೆ ಗುರುತು ಹಾಕಿಕೊಳ್ಳಬೇಕು. ಗುರೂಜಿ ಇದಕ್ಕೆಂದೇ ಜೇಬಿನಲ್ಲಿ ಸೀಮೆಸುಣ್ಣ ತಂದಿರುತ್ತಾರೆ. ಜಾರಲೆಂದು ಗ್ರೀಸ್ ಹಚ್ಚಲು ಹೋದ ಹುಡುಗನ ಕೈಯನ್ನು ತಡೆದು, ಖನಿಜ ಎಣ್ಣೆ ತಾಗಿದರೆ ರಬ್ಬರ್ ಉಬ್ಬಿ ಮೆತ್ತಗಾಗುವುದೆಂದು ವಿವರಿಸಿ, ಸಾಬೂನಿನ ನೀರು ತರಿಸುತ್ತಾರೆ.

ನಿಜವಾದ ಸಂಘರ್ಷ ನಟ್ ಬಿಗಿಯುವಾಗ ಹುಟ್ಟುತ್ತದೆ. ಕಾರು ಜ್ಯಾಕಿನ ಮೇಲಿರುವಾಗಲೇ ಬಿಗಿದು ಮುಗಿಸುವುದು ಗ್ಯಾರೇಜಿನ ರೂಢಿ, ಏಕೆಂದರೆ ಆಗ ಕೈಯಾಡಿಸಲು ಜಾಗವಿರುತ್ತದೆ. ಆದರೆ ಗಾಲಿ ಜೋತಾಡುತ್ತಿರುವಾಗ ಬಿಗಿದರೆ ಬುಶ್ಶಿನ ಒಳಗೊಳವೆ ಆ ಸ್ಥಿತಿಯಲ್ಲೇ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಕಾರನ್ನು ಕೆಳಗಿಳಿಸಿದಾಗ ತೋಳು ಮೇಲಕ್ಕೆ ಸರಿದು ರಬ್ಬರ್ ನಿಂತಲ್ಲೇ ತಿರುಚಿಕೊಂಡಿರುತ್ತದೆ, ಹೀಗೆ ಸದಾ ತಿರುಚಿಕೊಂಡ ರಬ್ಬರ್ ಬೇಗನೆ ಹರಿಯುತ್ತದೆ. ಆದ್ದರಿಂದ ಕಾರಿನ ಭಾರ ಗಾಲಿಗಳ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿತ ಕೊಡಬೇಕೆಂಬುದು ಶಾಸ್ತ್ರ, ಮತ್ತು ಈ ವಿಷಯದಲ್ಲಿ, ನಗುವವರೂ ಒಪ್ಪಬೇಕಾದಂತೆ, ಗುರೂಜಿ ಹೇಳುವುದು ನೂರಕ್ಕೆ ನೂರು ಸರಿ.

ಅವರು ಅಲ್ಲಿಗೇ ನಿಂತಿದ್ದರೆ ಮಿಸ್ತ್ರಿಗೂ ತಕರಾರಿರಲಿಲ್ಲ. ಆದರೆ ಮೂವತ್ತು ವರ್ಷ ವ್ಯಾಕರಣ ಕಲಿಸಿದವರು ಸೂತ್ರವನ್ನು ಭಾಷ್ಯವಿಲ್ಲದೆ ಬಿಡಲಾರರು: ‘ಕಾರಿನ ಭಾರ’ ಎಂದರೆ ಯಾವ ಭಾರ? ಖಾಲಿ ಕಾರಿನದೋ, ಚಾಲಕ ಸಹಿತವಾದದ್ದೋ, ಸಂಸಾರ ಸಹಿತವಾದದ್ದೋ? ಖಾಲಿ ಕಾರು ಎಂದೂ ರಸ್ತೆಯಲ್ಲಿ ಓಡುವುದಿಲ್ಲವಾದ್ದರಿಂದ, ರಬ್ಬರ್ ತಿರುಚದೆ ಇರಬೇಕಾದದ್ದು ನಿತ್ಯದ ಸ್ಥಿತಿಯಲ್ಲಿ ಎಂಬುದು ಅವರ ನಿಲುವು. ಮಿಸ್ತ್ರಿ ಇದನ್ನು ಪ್ರತಿಭಟಿಸದೆ, ಅನುಭವಸ್ಥನಾದ್ದರಿಂದ, ಸಂತೋಷದಿಂದ ಒಪ್ಪುತ್ತಾನೆ. ಭಾರವಾಗಿ ಸ್ಟೀರಿಂಗ್ ಮುಂದೆ ಕೂಡಿಸಿಬಿಟ್ಟರೆ ಗುರೂಜಿ ಬಗ್ಗಿ ಬಗ್ಗಿ ನೋಡುವುದು ತಪ್ಪುತ್ತದೆಂಬ ಲೆಕ್ಕ ಅವನದು. ಡಿಕ್ಕಿಯಲ್ಲಿ ಬೆಲ್ಲದ ಪೆಂಟಿ ಹೇರಲಾಗುತ್ತದೆ, ಸಂತೆಗೆಂದು ಬಂದ ಗುರೂಜಿಯ ಪತ್ನಿಯನ್ನು ಎಡಗಡೆಯ ಸೀಟಿನಲ್ಲಿ ಕೂಡಿಸಲಾಗುತ್ತದೆ, ಮಿಸ್ತ್ರಿ ಪಾನಾ ಹಿಡಿದು ಮಲಗಿಕೊಂಡೇ ಕೆಳಗೆ ಸರಿಯುತ್ತಾನೆ. ಸಂತೆ ಮುಗಿಯುವ ಹೊತ್ತಾಯಿತೆಂದು ಆಕೆ ಬಾಗಿಲಿಗೆ ಕೈ ಹಾಕಿದಾಗ ಕಾರಿನ ಅಡಿಯಿಂದ ಧ್ವನಿ ಬರುತ್ತದೆ: ‘ಕಾಕೂ, ಇಳೀಬ್ಯಾಡ್ರಿ, ನೀವು ಇಳದ್ರ ನಟ್ ಮತ್ತ ಸಡಲ ಮಾಡಬೇಕಾಕ್ಕೈತಿ.’